ಹಿರಿಯರ ಆರೋಗ್ಯದ ಬಗ್ಗೆ ಎರಡು ತಿಂಗಳ ಸಂಶೋಧನೆ: ಕಾಲೇಜಿನಲ್ಲಿ ವಿಭಾಗವೇ ಇಲ್ಲ, ಗೈಡ್ ಯಾರು?

ಮಲೆನಾಡ_ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಮ್ಮಂಥವರಿಗೆ ಕೊಡುವ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ, ನಾವೆಲ್ಲ ಎಸ್‌ಟಿಎಸ್ ಎಂದು ಕರೆಯುತ್ತೇವಲ್ಲ, ಅದಕ್ಕೆ ಈ ಸಲ ಅರ್ಜಿ ಹಾಕಬೇಕೆಂದಿದ್ದೇನೆ. ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿದೆ: ವಯಸ್ಸಾದವರು ಬೀಳುವುದು.

ಕಾರಣ ನಮ್ಮ ಅಜ್ಜಿ. ಕಳೆದ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಬಚ್ಚಲುಮನೆಯಲ್ಲಿ ಬಿದ್ದರು, ತೊಡೆಯ ಮೂಳೆ ಮುರಿಯಿತು. ಅದಕ್ಕೂ ಎರಡು ವಾರ ಮೊದಲಿನಿಂದ ‘ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ’ ಎನ್ನುತ್ತಲೇ ಇದ್ದರು. ವಯಸ್ಸಾಯಿತಲ್ಲ, ಬರುತ್ತದೆ ಎಂದೆವು. ಹಾಗೆಂದವರಲ್ಲಿ ನಾನೂ ಒಬ್ಬಳು. ನಿಂತಾಗ ರಕ್ತದೊತ್ತಡ ಹೇಗೆ ಏರುಪೇರಾಗುತ್ತದೆ ಎಂಬುದನ್ನು ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದಿದ್ದೆ. ಆದರೂ ಅವರನ್ನು ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕೆಂದು ಹೊಳೆಯಲಿಲ್ಲ.

ನಮ್ಮ ಕಾಲೇಜಿನಲ್ಲಿ ಹಿರಿಯರ ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗ ಇಲ್ಲ. ಒಬ್ಬ ಉಪನ್ಯಾಸಕರನ್ನು ಕೇಳಿದಾಗ ‘ಸಕ್ಕರೆ ಕಾಯಿಲೆಯ ಅರಿವಿನ ಬಗ್ಗೆ ಪ್ರಶ್ನಾವಳಿ ಮಾಡಿಬಿಡಿ, ಹತ್ತು ದಿನದಲ್ಲಿ ಮುಗಿಯುತ್ತದೆ’ ಎಂದರು. ಇನ್ನೊಬ್ಬ ಮೇಡಂ, ಸಮುದಾಯ ವೈದ್ಯಕೀಯ ವಿಭಾಗದವರು, ಒಪ್ಪಿದ್ದಾರೆ. ಆದರೆ ‘ಈ ವಿಷಯದಲ್ಲಿ ನನಗೂ ಕಲಿಯುವುದಿದೆ, ಇಬ್ಬರೂ ಕೂಡಿ ಕಲಿಯೋಣ’ ಎಂದು ಮೊದಲೇ ಹೇಳಿದರು. ಅಂಥವರ ಜೊತೆ ಹೊರಡಬಹುದೇ? ಮುಂದಿನ ವರ್ಷದವರೆಗೆ ಕಾಯಬೇಕೇ?

ಸಮುದಾಯ_ವೈದ್ಯ

ಅಜ್ಜಿಯವರು ಈಗ ನಡೆಯುತ್ತಿದ್ದಾರೆಯೇ? ಮೊದಲು ಅದನ್ನು ತಿಳಿಸಿ.

ಎರಡನೆಯ ಮೇಡಂ ಅವರನ್ನು ಬಿಡಬೇಡಿ. ‘ನನಗೂ ಕಲಿಯುವುದಿದೆ’ ಎನ್ನುವವರು ನಿಮ್ಮ ದತ್ತಾಂಶದ ಹಾಳೆಯನ್ನು ಒಂದೊಂದಾಗಿ ತಿರುವಿ ನೋಡುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ವಿಭಾಗ ಇಲ್ಲವೆಂದು ಕೊರಗಬೇಡಿ. ಈ ದೇಶದಲ್ಲಿ ಹಿರಿಯರ ವೈದ್ಯಕೀಯದ ಮೊದಲ ಎಂಡಿ ಕೋರ್ಸು ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಶುರುವಾದದ್ದೇ 1996ರಲ್ಲಿ. ಕೇಂದ್ರ ಸರ್ಕಾರದ ಹಿರಿಯರ ಆರೋಗ್ಯ ಕಾರ್ಯಕ್ರಮ ಬಂದದ್ದು 2010-11ರಲ್ಲಿ. ಎಸ್‌ಟಿಎಸ್ ಇವೆರಡಕ್ಕಿಂತ ಹಳೆಯದು, 1979ರಿಂದ ನಡೆಯುತ್ತಿದೆ. ಗೈಡ್ ನಿಮ್ಮ ಕಾಲೇಜಿನ ಅಧ್ಯಾಪಕರೇ ಆಗಿರಬೇಕು, ಸರಿ. ಹೊರಗಿನ ತಜ್ಞರನ್ನು ಫೋನಿನಲ್ಲಿ ಕೇಳಿ ತಿಳಿಯುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ.

ಆದರೆ ವಿಷಯವನ್ನು ಕಿರಿದು ಮಾಡಿ. ವಯಸ್ಸಾದವರು ಬೀಳುವುದು ಎಂದರೆ ಒಂದು ಇಡೀ ಊರು. ಎರಡು ತಿಂಗಳಲ್ಲಿ ನೀವು ನಡೆದು ಮುಗಿಸಬಲ್ಲದ್ದು ಒಂದು ಬೀದಿ. ಆ ಬೀದಿಯನ್ನು ನಿಮ್ಮ ಅಜ್ಜಿಯೇ ತೋರಿಸಿದ್ದಾರೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ ಒಂದನೆಯ ನಿಮಿಷಕ್ಕೆ, ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಗುರುತು ಹಾಕಿ. ಜೊತೆಗೆ ಯಾವ ಮಾತ್ರೆ ನುಂಗುತ್ತಾರೆ, ಕಳೆದ ಹನ್ನೆರಡು ತಿಂಗಳಲ್ಲಿ ಬಿದ್ದಿದ್ದಾರೆಯೇ, ಅಷ್ಟು ಕೇಳಿ. ಬೇಕಾದದ್ದು ಒಂದು ಬಿಪಿ ಉಪಕರಣ, ಒಂದು ಗಡಿಯಾರ, ತಾಳ್ಮೆ. 2021-22ರ ತಂಡದಿಂದ ನಿಮಗೆಲ್ಲ ಹಳ್ಳಿಯ ಕುಟುಂಬಗಳನ್ನು ದತ್ತು ಕೊಟ್ಟಿದ್ದಾರಲ್ಲ, ಆ ಮನೆಗಳಲ್ಲೇ ಹಿರಿಯರಿದ್ದಾರೆ. ನಿಮ್ಮ ಗುರುತಿದೆ, ಬಾಗಿಲು ತೆರೆಯುತ್ತಾರೆ. ಅಲ್ಲಿಂದಲೇ ಶುರು ಮಾಡಿ.

ಪಿಜಿ_ತಯಾರಿಯಲ್ಲಿ

ಬೇರೆ ಅಭಿಪ್ರಾಯ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ರ‍್ಯಾಂಕಿಗೆ ಎಸ್‌ಟಿಎಸ್ ಒಂದು ಅಂಕವನ್ನೂ ಕೂಡಿಸುವುದಿಲ್ಲ. ಎರಡು ತಿಂಗಳು ಎಂದು ಹೇಳುತ್ತಾರೆ, ಪ್ರಸ್ತಾವ ಬರೆಯುವುದು, ನೈತಿಕ ಸಮಿತಿಯ ಮುಂದೆ ನಿಲ್ಲುವುದು, ವರದಿ ಒಪ್ಪಿಸುವುದು ಎಲ್ಲ ಸೇರಿದರೆ ವರ್ಷವೇ ಹೋಗುತ್ತದೆ. ಈಗ ಮೊತ್ತ 50,000 ರೂಪಾಯಿ ಆಗಿದೆ ನಿಜ, ಅದೂ ವರದಿ ಒಪ್ಪಿಗೆಯಾದ ಮೇಲೆ ಕೈಗೆ ಬರುವುದು. ನನ್ನ ಸಹಪಾಠಿಗಳಲ್ಲಿ ಅನೇಕರು ಪ್ರಮಾಣಪತ್ರಕ್ಕಾಗಿ ಮಾಡಿದರು. ಅವರ ವರದಿಯನ್ನು ಆಮೇಲೆ ಅವರೇ ತೆರೆದು ನೋಡಿಲ್ಲ. ಮನೆಯಲ್ಲಿ ಸಾಲ ಮಾಡಿ ಓದಿಸುತ್ತಿರುವವರು ಈ ಸಮಯದ ಬೆಲೆಯನ್ನು ಲೆಕ್ಕ ಹಾಕಲೇಬೇಕು.

ಇಂಟರ್ನ್_ಬಳ್ಳಾರಿ

ಮೇಲಿನವರ ಮಾತು ಸುಳ್ಳಲ್ಲ. ಎಲ್ಲಿ ಹಾಗಾಗುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ನನ್ನ ಗೈಡ್ ಸಹಿ ಹಾಕಿದ್ದು ಎರಡು ಸಲ: ಅರ್ಜಿಗೆ ಒಮ್ಮೆ, ವರದಿಗೆ ಒಮ್ಮೆ. ನಡುವೆ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಷ್ಟು ಮಧ್ಯಾಹ್ನ ಕುಳಿತಿದ್ದೆನೋ. ನೂರು ಹಿರಿಯರಿಗೆ ನೆನಪಿನ ಶಕ್ತಿಯ ಪರೀಕ್ಷೆ ಮಾಡಿದೆ. ಕೈಗೆ ಸಿಕ್ಕಿದ ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ರಾತ್ರಿ ಕುಳಿತು ಕನ್ನಡಕ್ಕೆ ತಿರುಗಿಸಿದ್ದೆ. ‘ಒಂದು ವಾಕ್ಯ ಬರೆಯಿರಿ’, ‘ಈ ಐದು ಮೂಲೆಯ ಚಿತ್ರವನ್ನು ನೋಡಿ ಬರೆಯಿರಿ’, ‘ನೂರರಿಂದ ಏಳೇಳು ಕಳೆಯುತ್ತಾ ಹೋಗಿ’. ಜೀವನದಲ್ಲಿ ಎಂದೂ ಬಳಪ ಹಿಡಿಯದ ಅಜ್ಜಿಯ ಕೈಗೆ ಪೆನ್ನು ಕೊಟ್ಟು ಕೂತಿದ್ದೆ. ಅವರು ಪೆನ್ನನ್ನು ಊದುಕಡ್ಡಿಯ ಹಾಗೆ ಮುಷ್ಟಿಯಲ್ಲಿ ಹಿಡಿದು ನನ್ನ ಮುಖ ನೋಡಿದರು. ಸೊನ್ನೆ ಹಾಕಿದೆ. ಅದೇ ಅಜ್ಜಿ ಸಂಜೆ ಹಾಲಿನ ಲೆಕ್ಕ, ಹತ್ತು ಮನೆಯ ಬಾಕಿ, ಎಲ್ಲವನ್ನೂ ಬಾಯಲ್ಲೇ ಒಪ್ಪಿಸಿದ್ದನ್ನು ಕೇಳಿಸಿಕೊಂಡೆ.

ವರದಿಯಲ್ಲಿ ಅವರು ‘ಅರಿವಿನ ಶಕ್ತಿ ಕುಂದಿದವರು’ ಎಂಬ ಸಾಲಿನಲ್ಲಿದ್ದಾರೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಒಬ್ಬರು, ಒಂದೇ ಒಂದು ಸಲ, ‘ಈ ಪರೀಕ್ಷೆ ಯಾರಿಗಾಗಿ ಮಾಡಿದ್ದು?’ ಎಂದು ಕೇಳಿದ್ದರೆ ಸಾಕಿತ್ತು.

ಹಿರಿಯರ_ವೈದ್ಯೆ

ಬಳ್ಳಾರಿಯವರೇ, ನಿಮ್ಮ ಬರಹವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ, ಅಭ್ಯಂತರವಿಲ್ಲ ತಾನೇ? ಈ ತೊಡಕಿಗೆ ಉತ್ತರ ಮೂವತ್ತು ವರ್ಷದ ಹಿಂದೆಯೇ ಸಿಕ್ಕಿದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ಕಾಯಿಲೆಯ ಅಧ್ಯಯನ ಮಾಡಿದವರು ಓದುಬರಹ ಬಾರದವರಿಗೆಂದೇ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿ 1995ರಲ್ಲಿ ಪ್ರಕಟಿಸಿದರು. ಅದರಲ್ಲಿ ವಾಕ್ಯ ಬರೆಯುವ ಕಡೆ ವಾಕ್ಯ ಹೇಳಿದರೆ ಸಾಕು. ನಿತ್ಯದ ಕೆಲಸಗಳ ಪಟ್ಟಿಯನ್ನೂ ಅವರು ಅಲ್ಲಿನ ಬದುಕಿನಿಂದಲೇ ಎತ್ತಿಕೊಂಡರು. ಇಂಥದ್ದನ್ನು ವಿದ್ಯಾರ್ಥಿ ತಾನಾಗಿ ಹುಡುಕಿಕೊಳ್ಳಬೇಕೆಂದು ಬಯಸುವುದು ನ್ಯಾಯವಲ್ಲ. ಅದು ಗೈಡ್‌ನ ಕೆಲಸ.

ಮಲೆನಾಡಿನ ವಿದ್ಯಾರ್ಥಿನಿಗೆ: ದತ್ತಾಂಶ ಕಲೆಹಾಕುವ ಮೊದಲು ಒಂದು ವಾರ ಸುಮ್ಮನೆ ನೋಡುವುದಕ್ಕೆ ಇಟ್ಟುಕೊಳ್ಳಿ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಮೊದಲ ವಾರ ಪೆನ್ನು ಕೊಡುವುದಿಲ್ಲ. ಕುರ್ಚಿಯಿಂದ ಹೇಗೆ ಏಳುತ್ತಾರೆ, ಎದ್ದ ಮೇಲೆ ಗೋಡೆಯನ್ನು ಮುಟ್ಟುತ್ತಾರೆಯೇ, ಕೇಳಿದ ಪ್ರಶ್ನೆಗೆ ಸೊಸೆಯ ಮುಖ ನೋಡಿ ಉತ್ತರಿಸುತ್ತಾರೆಯೇ, ಚಪ್ಪಲಿಯ ಹಿಮ್ಮಡಿ ಎಲ್ಲಿ ಸವೆದಿದೆ, ಇಷ್ಟನ್ನು ನೋಡಬೇಕು. ಮಾತ್ರೆಗಳ ಚೀಲವನ್ನು ಮಂಚದ ಮೇಲೆ ಸುರಿಸಬೇಕು. ಒಮ್ಮೆ ಒಬ್ಬ ತಾತನ ಚೀಲದಿಂದ ಹದಿನಾಲ್ಕು ಬಗೆಯ ಮಾತ್ರೆ ಪಟ್ಟಿಗಳು ಬಿದ್ದವು. ಒಂದೇ ಬಿಪಿ ಮಾತ್ರೆ ಮೂರು ಕಂಪನಿಯ ಹೆಸರಿನಲ್ಲಿ, ಮೂರು ವೈದ್ಯರಿಂದ. ಮೂರನ್ನೂ ನುಂಗುತ್ತಿದ್ದರು. ಅವರ ತಲೆತಿರುಗುವಿಕೆಗೆ ಮೆದುಳಿನ ಸ್ಕ್ಯಾನ್ ಕೂಡ ಆಗಿತ್ತು. ಚೀಲವನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ.

ಹಿರಿಯರ ವೈದ್ಯಕೀಯ ಎಂದರೆ ಅದೇ ಕಾಯಿಲೆಗಳು, ರೋಗಿಗೆ ವಯಸ್ಸು ಜಾಸ್ತಿ ಎಂದು ಅನೇಕರು ತಿಳಿದಿದ್ದಾರೆ. ಎಂಬತ್ತು ದಾಟಿದವರಿಗೆ ನ್ಯುಮೋನಿಯಾ ಬಂದರೆ ಜ್ವರವೂ ಇರದೆ ಕೆಮ್ಮೂ ಇರದೆ, ನೆನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಮಗನ ಗುರುತು ಹಿಡಿಯದೆ ಹೋಗಬಹುದು. ಅಷ್ಟೇ ಲಕ್ಷಣ. 1935ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಗೆ ಪಕ್ಕದ ಬಡವರ ಆಶ್ರಮವನ್ನು ಸೇರಿಸಿದಾಗ, ಅಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿದ್ದವರನ್ನು ಮಾರ್ಜೊರಿ ವಾರನ್ ಎಂಬ ವೈದ್ಯೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ‘ವಾಸಿಯಾಗದವರು’ ಎಂದು ಬಿಟ್ಟಿದ್ದವರಲ್ಲಿ ಎಷ್ಟೋ ಜನ ಎದ್ದು ನಡೆದು ಮನೆಗೆ ಹೋದರು. ಈ ಶಾಸ್ತ್ರ ಹುಟ್ಟಿದ್ದೇ ಹಾಗೆ, ಯಾರೋ ಒಬ್ಬರು ಹಾಸಿಗೆಯ ಪಕ್ಕ ನಿಂತು ಸರಿಯಾಗಿ ನೋಡಿದ್ದರಿಂದ.

ಬಾಲ್ಟಿಮೋರ್_ಕನ್ನಡಿಗ

ಚರ್ಚೆ ಓದಿ ಸಂತೋಷವಾಯಿತು. ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ವೈದ್ಯಕೀಯ ಓದಿದ್ದು ಅಮೆರಿಕದಲ್ಲಿ. ಇಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ. ವೃದ್ಧಾಪ್ಯ ಸಂಶೋಧನೆಯ ಅಮೆರಿಕನ್ ಒಕ್ಕೂಟವಾದ ಅಫಾರ್ ಮತ್ತು ಹಾರ್ಟ್‌ಫರ್ಡ್ ಪ್ರತಿಷ್ಠಾನ 1994ರಲ್ಲಿ ಶುರು ಮಾಡಿದ್ದು. ಆಮೇಲೆ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಹಣದಿಂದ ಬೆಳೆಯಿತು. ಎಂಸ್ಟಾರ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಗೊತ್ತು. ಬೇಸಿಗೆ ರಜೆಯಲ್ಲಿ ಎಂಟರಿಂದ ಹನ್ನೆರಡು ವಾರ. ನಾನು ಮೊದಲ ವರ್ಷ ಮುಗಿಸಿ ಹೋಗಿದ್ದೆ.

ಅಲ್ಲಿ ನನಗೆ ಹಿಡಿಸಿದ್ದು ಹಣವಲ್ಲ, ವಾರದ ಕ್ರಮ. ಸಂಶೋಧನೆಯ ಜೊತೆಗೆ ಹಿರಿಯರ ಚಿಕಿತ್ಸಾಲಯದಲ್ಲಿ ಕೂರಲೇಬೇಕು. ಪಾಠಗಳೂ ಇರುತ್ತವೆ. ಪ್ರತಿ ಮಂಗಳವಾರ ಬೆಳಿಗ್ಗೆ ನನ್ನ ಮಾರ್ಗದರ್ಶಕಿ ಬಾಗಿಲು ಹಾಕಿ ಅರ್ಧ ಗಂಟೆ ನನಗೇ ಕೊಡುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಈ ವಾರ ನಿನಗೆ ಆಶ್ಚರ್ಯ ಎನಿಸಿದ್ದು ಏನು?’ ಅಂಕಿಗಳ ಮಾತು ಆಮೇಲೆ. ಮುಂದಿನ ವರ್ಷ ವೃದ್ಧವೈದ್ಯರ ಸಂಘದ ಸಮ್ಮೇಳನದಲ್ಲಿ ಭಿತ್ತಿಪತ್ರದ ಮುಂದೆ ನಿಂತು ವಿವರಿಸಿದಾಗ, ತಲೆ ನರೆತ ದೊಡ್ಡ ವೈದ್ಯರು ಸಮಾನರೊಂದಿಗೆ ಮಾತನಾಡುವ ಹಾಗೆ ಪ್ರಶ್ನೆ ಕೇಳಿದರು. ಇಪ್ಪತ್ಮೂರು ವರ್ಷದ ಹುಡುಗನಿಗೆ ಅದಕ್ಕಿಂತ ಏನು ಬೇಕು?

ಇದೇ ಬಾಲ್ಟಿಮೋರಿನಲ್ಲಿ 1958ರಿಂದ ಮುಪ್ಪಿನ ಬಗ್ಗೆ ಒಂದು ಅಧ್ಯಯನ ನಡೆದುಕೊಂಡು ಬಂದಿದೆ. ಅದೇ ಜನರನ್ನು ಮತ್ತೆ ಮತ್ತೆ ಕರೆದು ಅಳೆಯುತ್ತಾರೆ. ಆದರೆ ಮೊದಲ ಇಪ್ಪತ್ತು ವರ್ಷ ಅದರಲ್ಲಿ ಬರೀ ಗಂಡಸರಿದ್ದರು. ಹೆಂಗಸರನ್ನು ಸೇರಿಸಿದ್ದು 1978ರಲ್ಲಿ. ದೊಡ್ಡ ಸಂಸ್ಥೆಗಳ ಕಣ್ಣಿಗೂ ಅಜ್ಜಿಯರು ಬೀಳಲು ಅಷ್ಟು ಕಾಲ ಹಿಡಿಯಿತು. ನೀವು ಮನೆ ಮನೆಗೆ ಹೋಗುವಾಗ ಒಳಮನೆಯಲ್ಲಿ ಮಲಗಿರುವವರನ್ನೂ ಕೇಳಿ.

ಅಮ್ಮನ_ಮಗಳು

ನಾನು ವೈದ್ಯಕೀಯದವಳಲ್ಲ. ಎಂಬತ್ತೊಂದು ವರ್ಷದ ತಾಯಿಯನ್ನು ನೋಡಿಕೊಳ್ಳುತ್ತಿರುವವಳು. ಈ ಕಡೆಯ ಮಾತನ್ನೂ ಹೇಳಬೇಕು ಎನಿಸಿತು.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಗೆ ವಿದ್ಯಾರ್ಥಿಗಳು ಬಂದಿದ್ದರು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಅಮ್ಮನ ಎತ್ತರ, ತೂಕ, ಕೈ ಹಿಡಿತದ ಬಲ, ನಡೆಯುವ ವೇಗ ಎಲ್ಲ ಅಳೆದರು. ರಕ್ತ ತೆಗೆದರು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ‘ಇಲ್ಲಿ ಸಹಿ ಮಾಡಿ ಅಜ್ಜಿ’ ಎಂದರು, ಮಾಡಿದರು. ಅಮ್ಮ ಕಾಫಿ ಮಾಡಿ ಕೊಟ್ಟರು. ನಿವೃತ್ತ ಶಿಕ್ಷಕಿ ಅವರು, ಮಕ್ಕಳು ಬಂದರೆಂದು ಹೊಸ ಸೀರೆ ಉಟ್ಟು ಕುಳಿತಿದ್ದರು. ‘ಫಲಿತಾಂಶ ಬಂದ ಮೇಲೆ ತಿಳಿಸುತ್ತೇವೆ’ ಎಂದು ಹೋದವರು ಹೋದರು. ಎಷ್ಟೋ ತಿಂಗಳು ಅಮ್ಮ ‘ಆ ಹುಡುಗರು ಫೋನ್ ಮಾಡಿದರಾ?’ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು.

ಕೋಪದಿಂದ ಬರೆಯುತ್ತಿಲ್ಲ. ಆದರೆ ಮುಂದಿನ ಸಲ ಯಾರಾದರೂ ಬಂದರೆ ನಾನು ಬಾಗಿಲಲ್ಲೇ ಹತ್ತು ಪ್ರಶ್ನೆ ಕೇಳುತ್ತೇನೆ.

ಹಿರಿಯರ_ವೈದ್ಯೆ

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಹತ್ತು ಪ್ರಶ್ನೆಗಳನ್ನು ಕೇಳಿಯೇ ಕೇಳಿ. ಅದು ನಿಮ್ಮ ಹಕ್ಕು.

ವಿದ್ಯಾರ್ಥಿನಿಯವರೇ, ಇದನ್ನು ನಿಮ್ಮ ಪ್ರಸ್ತಾವದಲ್ಲೇ ಬರೆದುಬಿಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಓದಲು ಬಾರದವರಿಗೆ ಮನೆಯವರಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು. ಪ್ರತಿಯೊಬ್ಬರ ಅಳತೆಯನ್ನೂ ಅಲ್ಲೇ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು ಬನ್ನಿ: ಮಲಗಿದ್ದಾಗ ಇಷ್ಟು, ನಿಂತಾಗ ಇಷ್ಟು, ವೈದ್ಯರಿಗೆ ತೋರಿಸಬೇಕು ಅಥವಾ ಬೇಡ. ನಿಂತಾಗ ತುಂಬಾ ಇಳಿದವರ ಪಟ್ಟಿ ಅದೇ ಸಂಜೆ ಗೈಡ್ ಕೈಗೆ ಹೋಗಬೇಕು. ಇನ್ನೊಂದು: ನಿಲ್ಲಿಸಿದಾಗ ಅವರ ಪಕ್ಕದಲ್ಲೇ ನಿಲ್ಲಿ, ಹಿಂದೆ ಕುರ್ಚಿ ಇರಲಿ. ಕಣ್ಣು ಕತ್ತಲೆ ಎಂದರೆ ಮೂರು ನಿಮಿಷ ಆಗಲಿ ಎಂದು ಕಾಯಬೇಡಿ, ಕೂರಿಸಿ.

ಮೈಸೂರಿನ_ನಿವೃತ್ತ_ದಾದಿ

ನಾನು ದಾದಿಯಾಗಿ ಮೂವತ್ತೈದು ವರ್ಷ ದುಡಿದವಳು. ಅಳೆದು ಬರೆದಿಡುವ ಕೆಲಸ ಸಣ್ಣದೆಂದು ತಿಳಿದವರಿಗೆ ನಮ್ಮ ಊರಿನ ಒಂದು ಕಥೆ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ಕೋಣೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ತಾಯಿಯ ತೂಕವೂ ಇತ್ತು. ಬರೆದವರಿಗೆ ಅದು ಮುಂದೆ ಏನಾಗುತ್ತದೆಂದು ಗೊತ್ತಿರಲಿಲ್ಲ, ಕೆಲಸವನ್ನು ಸರಿಯಾಗಿ ಮಾಡಿದರು ಅಷ್ಟೇ. ಅರವತ್ತು ವರ್ಷವಾದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿನ ವೈದ್ಯರೂ ಸೇರಿ ಆ ಪುಸ್ತಕಗಳನ್ನು ಹಿಡಿದು ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆ ಮನೆ ಸುತ್ತಿ ಆ ಕೂಸುಗಳನ್ನು ಹುಡುಕಿದರು. ಕೂಸುಗಳಿಗೆ ಆಗಲೇ ತಲೆ ನರೆತಿತ್ತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋ ನೂರು ಗ್ರಾಂ ದಾಟಿದವರಲ್ಲಿ ಶೇ. 3. 1996ರಲ್ಲಿ ಇದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಅದೇ ಜನರ ನೆನಪಿನ ಶಕ್ತಿ, ಮುಪ್ಪಿನ ಆರೋಗ್ಯ ನೋಡುವ ಅಧ್ಯಯನವೂ ನಡೆಯಿತು.

ಮಗೂ, ನೀನು ಬರೆಯುವ ಒಂದೊಂದು ಅಂಕಿಯನ್ನೂ ಅರವತ್ತು ವರ್ಷದ ಮೇಲೆ ಯಾರೋ ಓದುತ್ತಾರೆ ಎಂದುಕೊಂಡು ಬರೆ.

ಸಂಖ್ಯಾಶಾಸ್ತ್ರದ_ಮೇಷ್ಟ್ರು

ಅರ್ಜಿ ಹಾಕುವ ಮುಂಚೆ ಎರಡು ಮಾತು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತು ಹಿರಿಯರನ್ನು ಲೆಕ್ಕ ಹಾಕಿದರೆ ನಿಮಗೆ ಸಿಗುವವರು ಬಸ್ಸು ಹತ್ತಿ ಬರಬಲ್ಲವರು. ಬಿದ್ದು ಮನೆ ಸೇರಿದವರು ಅಲ್ಲಿರುವುದಿಲ್ಲ. ಆದ್ದರಿಂದ ಹಳ್ಳಿಯ ಪಟ್ಟಿ ಹಿಡಿದು ಮನೆಗಳಿಗೇ ಹೋಗಿ. ಆಶಾ ಕಾರ್ಯಕರ್ತೆಯನ್ನು ಮೊದಲ ದಿನವೇ ಜೊತೆಗೆ ಕರೆದುಕೊಳ್ಳಿ. ಯಾರ ಮನೆಯ ಹಿಂಭಾಗದ ಕೋಣೆಯಲ್ಲಿ ಯಾರಿದ್ದಾರೆಂದು ಅವರಿಗೆ ಗೊತ್ತಿರುವಷ್ಟು ಯಾವ ದಾಖಲೆಯಲ್ಲೂ ಇಲ್ಲ.

ಎರಡನೆಯದು ವಯಸ್ಸು. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದ್ದರೆ ನಂಬಿ ಕೂರಬೇಡಿ, ಅಂದಾಜಿನಲ್ಲಿ ಬರೆಸಿದ್ದು ಬಹಳ. ಎಲ್ಲರಿಗೂ ನೆನಪಿರುವ ಘಟನೆಗಳ ಪಟ್ಟಿ ಮಾಡಿಕೊಳ್ಳಿ: 1948ರಲ್ಲಿ ಗಾಂಧೀಜಿ ಹೋದದ್ದು, 1956ರ ಏಕೀಕರಣ, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು. ನಿಮ್ಮ ಕಡೆಯವರಿಗೆ 1978ರ ಚಿಕ್ಕಮಗಳೂರು ಉಪಚುನಾವಣೆ ಚೆನ್ನಾಗಿ ನೆನಪಿರುತ್ತದೆ. ‘ಇಂದಿರಮ್ಮ ಚುನಾವಣೆಗೆ ನಿಂತಾಗ ನಿಮಗೆ ಎಷ್ಟು ಮಕ್ಕಳು, ದೊಡ್ಡವನು ಶಾಲೆಗೆ ಹೋಗುತ್ತಿದ್ದನೇ?’ ಎಂದು ಕೇಳಿದರೆ ವಯಸ್ಸು ಎರಡು ಮೂರು ವರ್ಷದ ಆಚೆ ಈಚೆ ಸಿಕ್ಕಿಬಿಡುತ್ತದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸಕ್ಕೆ ಕೈ ಹಾಕಿದ್ದಾರೆ. ಅದರ ಮುಂದೆ ನಿಮ್ಮ ನೂರು ಮನೆ ಚಿಕ್ಕದು ಎಂದು ಅಳುಕಬೇಡಿ. ನೂರನ್ನು ಚೊಕ್ಕವಾಗಿ ಅಳೆದರೆ ನೂರಕ್ಕೆ ತಕ್ಕ ಉತ್ತರ ಸಿಗುತ್ತದೆ. ಅದಕ್ಕಿಂತ ದೊಡ್ಡ ಮಾತನ್ನು ವರದಿಯಲ್ಲಿ ಆಡದಿದ್ದರೆ ಆಯಿತು.

ಮಲೆನಾಡ_ವಿದ್ಯಾರ್ಥಿನಿ

ಏಳು ತಿಂಗಳ ಮೇಲೆ ಮರಳಿ ಬರೆಯುತ್ತಿದ್ದೇನೆ. ಅಜ್ಜಿ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಪ್ರಸ್ತಾವ ಒಪ್ಪಿಗೆಯಾಯಿತು. ಎರಡು ತಿಂಗಳ ಕೆಲಸ ಹೋದ ವಾರ ಮುಗಿಯಿತು. ಲೆಕ್ಕ ಇನ್ನೂ ನಡೆದಿದೆ, ಅದಕ್ಕೆ ಅಂಕಿಗಳನ್ನು ಈಗ ಹೇಳುವುದಿಲ್ಲ. ಮೇಷ್ಟ್ರು ಬಯ್ಯುತ್ತಾರೆ.

ಬಿಪಿಯ ಜೊತೆಗೆ ನಡಿಗೆಯ ಒಂದು ಪರೀಕ್ಷೆಯನ್ನೂ ಸೇರಿಸಿದೆವು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡು ಎಂದು ನೋಡುವುದು. ಕುರ್ಚಿಯ ಎತ್ತರ ಎಲ್ಲ ಕಡೆ ಒಂದೇ ಇರಬೇಕೆಂದು ಮೇಡಂ ಹೇಳಿದರು. ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಮನೆಯಿಂದ ಮನೆಗೆ ಹೊತ್ತೆವು. ಅಡಿಕೆ ತೋಟದ ಸಂಕದ ಮೇಲೆ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಮೇಡಂ ಮುಂದೆ, ನಾನು ಬಿಪಿ ಉಪಕರಣ ಹಿಡಿದು ಹಿಂದೆ. ಹೌದು, ಅವರೇ ಬಂದರು. ಮೊದಲ ಹದಿನೈದು ಮನೆಗೂ.

ಮೂರು ಮೀಟರಿನ ಗೆರೆಗೆ ಸುಣ್ಣದ ಕಡ್ಡಿ ಮಣ್ಣಿನ ನೆಲದಲ್ಲಿ ಕಾಣಿಸಲಿಲ್ಲ. ಆ ಮನೆಯ ಸೊಸೆ ರಂಗೋಲಿ ಪುಡಿ ತಂದುಕೊಟ್ಟರು. ಚೆನ್ನಾಗಿ ಗೆರೆ ಎಳೆದು ‘ಇಲ್ಲಿಯವರೆಗೆ ಬಂದು ಗೆರೆ ಮುಟ್ಟಿ ತಿರುಗಿ ಅಜ್ಜಿ’ ಎಂದೆ. ಅಜ್ಜಿ ಎದ್ದರು, ನಡೆದರು, ಗೆರೆಯ ಹತ್ತಿರ ಬಂದು ನಿಂತುಬಿಟ್ಟರು. ಕಾಲು ಎತ್ತುತ್ತಾರೆ, ಇಡುತ್ತಾರೆ. ಗಡಿಯಾರ ಓಡುತ್ತಿದೆ. ನಾನು ಹಾಳೆಯಲ್ಲಿ ‘ತಿರುಗುವಾಗ ತಡವರಿಕೆ’ ಎಂದು ಬರೆಯಲು ಹೊರಟಿದ್ದೆ. ಮೇಡಂ ನನ್ನ ಕೈ ಹಿಡಿದು, ‘ಏಕೆ ನಿಂತಿರಿ ಅಜ್ಜಿ?’ ಎಂದು ಕೇಳಿದರು. ‘ರಂಗೋಲಿ ತುಳಿಯುವುದು ಹೇಗಮ್ಮಾ?’ ಎಂದರು ಅಜ್ಜಿ.

ಗೆರೆ ಅಳಿಸಿ ಒಂದು ಕಲ್ಲು ಇಟ್ಟೆವು. ಸರಾಗವಾಗಿ ಸುತ್ತಿ ಬಂದು ಕೂತರು. ಅವತ್ತು ರಾತ್ರಿ ಬಳ್ಳಾರಿಯವರು ಬರೆದ ಪೆನ್ನಿನ ಅಜ್ಜಿಯ ನೆನಪಾಗಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಮೇಡಂ ಇರದಿದ್ದರೆ ನನ್ನ ಹಾಳೆಯಲ್ಲೂ ಅಂಥದೊಂದು ಸಾಲು ಇರುತ್ತಿತ್ತು.

ಇನ್ನೊಂದು ಮನೆ. ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಹೇಳುತ್ತಿದ್ದ. ನಿಂತು ಬಿಪಿ ನೋಡುವ ಆ ಮೂರು ನಿಮಿಷದಲ್ಲಿ ಮಗನಿಗೆ ಫೋನ್ ಬಂದು ಹೊರಗೆ ಹೋದ. ಅಜ್ಜ ತಗ್ಗಿದ ದನಿಯಲ್ಲಿ ಪಿಂಚಣಿ ಬಂದ ದಿನವೇ ಅವನು ಎತ್ತಿಕೊಳ್ಳುತ್ತಾನೆ, ಬಿಪಿ ಮಾತ್ರೆ ಮುಗಿದು ತಿಂಗಳಾಯಿತು ಎಂದರು. ನನ್ನ ಪ್ರಶ್ನಾವಳಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಏನು ಮಾಡಬೇಕೆಂದು ತೋಚದೆ ರಸ್ತೆಗೆ ಬಂದು ಮೇಡಂಗೆ ಫೋನ್ ಮಾಡಿದೆ. ‘ನೀವು ಮಗನ ಹತ್ತಿರ ಏನೂ ಆಡಬೇಡಿ, ನಾಳೆ ನಾನೇ ಬರುತ್ತೇನೆ’ ಎಂದರು. ಬಂದು, ಅಜ್ಜನೊಬ್ಬರನ್ನೇ ಕೂರಿಸಿಕೊಂಡು, ಏನು ಬಯಸುತ್ತೀರಿ ಎಂದು ಮೊದಲು ಅವರನ್ನೇ ಕೇಳಿದರು. ಹಿರಿಯರ ಸಹಾಯವಾಣಿ 14567ರ ಸಂಖ್ಯೆಯನ್ನು ಬರೆದುಕೊಟ್ಟು ವಿವರಿಸಿದರು. ದೂರು ಬೇಡ, ಮಾತ್ರೆ ಸಿಕ್ಕರೆ ಸಾಕು ಎಂದರು ಅಜ್ಜ. ಈಗ ಆಶಾ ಅಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅವರ ಕೈಗೇ ತಲುಪಿಸುತ್ತಿದ್ದಾರೆ. ಇಷ್ಟೇ ಮಾಡಿದ್ದು ಸಾಕೇ ಎಂದು ನನಗೆ ಇನ್ನೂ ಸಮಾಧಾನವಿಲ್ಲ. ತಿಳಿದವರು ಹೇಳಿ.

ಹಿರಿಯರ_ವೈದ್ಯೆ

ಅವರ ಇಚ್ಛೆಯನ್ನು ಮೀರದೆ ಮಾಡಬಹುದಾದದ್ದನ್ನು ಮಾಡಿದ್ದೀರಿ. ಆ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಬಿಪಿ ನೋಡುವ ನೆಪ ಇದೆಯಲ್ಲ, ತಿಂಗಳಿಗೊಮ್ಮೆ ಹೋಗಿ. ಇಂದು ಬೇಡವೆಂದವರು ಮುಂದೊಂದು ದಿನ ಬೇಕು ಎನ್ನಬಹುದು. ಆಗ ಹೇಳಿಕೊಳ್ಳಲು ಒಬ್ಬರು ಇರಬೇಕು.

ನಿಮ್ಮ ಮೇಡಂ ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗೆ ನನ್ನ ವಂದನೆ.

ಅಮ್ಮನ_ಮಗಳು

ಅಳತೆಯ ಚೀಟಿ ಕೊಟ್ಟಿರಾ?

ಮಲೆನಾಡ_ವಿದ್ಯಾರ್ಥಿನಿ

ಪ್ರತಿ ಮನೆಯಲ್ಲೂ ಕೊಟ್ಟೆವು ಅಕ್ಕ. ಹಳದಿ ಕಾಗದ, ದಪ್ಪ ಅಕ್ಷರ. ಕೆಲವರು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಕನ್ನಡದ ಒಪ್ಪಿಗೆ ಪತ್ರ ಮತ್ತು ಚೀಟಿ, ಎರಡನ್ನೂ ಭಾನುವಾರ ಇಲ್ಲಿ ಹಾಕುತ್ತೇನೆ. ಬೇಕಾದವರು ತಿದ್ದಿ ಬಳಸಿಕೊಳ್ಳಿ.

ಪಿಜಿ_ತಯಾರಿಯಲ್ಲಿ

ಅಂದು ಸಮಯದ ಬೆಲೆಯ ಬಗ್ಗೆ ಬರೆದಿದ್ದೆ, ಆ ಲೆಕ್ಕವನ್ನು ಈಗಲೂ ತಪ್ಪು ಎನ್ನುವುದಿಲ್ಲ. ಆದರೆ ಇದನ್ನು ಓದಿ ಊರಿಗೆ ಹೋದಾಗ ನಮ್ಮ ತಾತನನ್ನು ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದೆ. ಮಲಗಿದ್ದಾಗ 152, ನಿಂತ ಮೂರನೆಯ ನಿಮಿಷಕ್ಕೆ 118. ಬೆಳಗಿನ ಹೊತ್ತು ತಲೆ ತೇಲಿದ ಹಾಗಾಗುತ್ತದೆ ಎಂದು ಬಹಳ ದಿನದಿಂದ ಹೇಳುತ್ತಿದ್ದರಂತೆ. ಬಿಪಿಗೆ ಎರಡು ಮಾತ್ರೆ, ಮೂತ್ರದ ತೊಂದರೆಗೆ ರಾತ್ರಿ ಒಂದು ಮಾತ್ರೆ ನಡೆಯುತ್ತಿದೆ. ರಾತ್ರಿಯದನ್ನು ನಿಲ್ಲಿಸಲೇ?

ಹಿರಿಯರ_ವೈದ್ಯೆ

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ನಿಂತಾಗ ಬಿಪಿ ಇಳಿಸುವುದು ನಿಜ. ಆದರೆ ಯಾವುದನ್ನು ಬದಲಿಸಬೇಕೆಂಬುದನ್ನು ಅವರನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕು. ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು, ನೀವು ಬರೆದ ಎರಡೂ ಅಂಕಿಗಳನ್ನು ಹಿಡಿದು ನಾಳೆಯೇ ಅವರ ವೈದ್ಯರ ಬಳಿ ಹೋಗಿ. ಅಲ್ಲಿಯವರೆಗೆ ತಾತ ಹಾಸಿಗೆಯಿಂದ ಏಳುವಾಗ ಮೊದಲು ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಲಿ. ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುವುದು ಬೇಡ.